ಆಕಾಶಯಾನದ ವೀರಗಲ್ಲು

ಪ್ರದರ್ಶನಾಲಯವೊಂದನ್ನು ಉತ್ತಮಪಡಿಸುವುದೆಂದರೇನು? ಮೇಲುನೋಟಕ್ಕೆ ಇದು ಪ್ರಶ್ನೆಯೇ ಅಲ್ಲ. ದೀಪಗಳನ್ನು ಹೆಚ್ಚಿಸುವುದು, ಗಾಜನ್ನು ಒರಸುವುದು, ಮಕ್ಕಳು ಒತ್ತಿ ಆಡಲು ನಾಲ್ಕು ಗುಂಡಿಗಳನ್ನಿಡುವುದು, ಹೊರಬರುವ ದಾರಿಯಲ್ಲಿ ಕುಡಿಯಲು ಯೋಗ್ಯವಾದ ಕಾಫಿ ದೊರೆಯುವಂತೆ ಮಾಡುವುದು—ಇವೆಲ್ಲ ಉತ್ತಮಪಡಿಸುವ ಕೆಲಸಗಳೇ. ಕೊನೆಯದನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೆ ಕೆಲವು ಪ್ರದರ್ಶನಾಲಯಗಳಿಗೆ ಇದಕ್ಕಿಂತ ಕಷ್ಟದ ಒಂದು ದುರಸ್ತಿ ಬೇಕಾಗುತ್ತದೆ. ಗೆದ್ದುದನ್ನು ತೋರಿಸಲು ಕಟ್ಟಿದ ಮನೆಯಲ್ಲಿ ಸೋತುದನ್ನು ಎಲ್ಲಿಡಬೇಕು, ಇಡಬೇಕೇ ಬೇಡವೇ ಎಂಬುದು ಬಡಗಿಯಾಗಲಿ ಬಣ್ಣದವನಾಗಲಿ ಬಗೆಹರಿಸಬಹುದಾದ ಪ್ರಶ್ನೆಯಲ್ಲ.

ಅಮೆರಿಕದ ಫ್ಲಾರಿಡಾ ಕಡಲತೀರದಲ್ಲಿ, ಚಂದ್ರನ ಕಡೆಗೆ ಮನುಷ್ಯರನ್ನು ಕಳಿಸಿಕೊಟ್ಟ ಕೆನೆಡಿ ಅಂತರಿಕ್ಷ ಕೇಂದ್ರದ ಮಗ್ಗುಲಲ್ಲಿ, ಪ್ರೇಕ್ಷಕರಿಗಾಗಿ ಒಂದು ದೊಡ್ಡ ಪ್ರದರ್ಶನಾಲಯವಿದೆ. ಸರಕಾರದ ತೆರಿಗೆಯಿಂದಲ್ಲ, ಬಂದವರು ಕೊಡುವ ಟಿಕೆಟಿನ ಹಣದಿಂದ ನಡೆಯುವ ಸಂಸ್ಥೆ ಅದು. ಆದುದರಿಂದ ಜನರನ್ನು ಸಂತೋಷಪಡಿಸುವ ಹೊಣೆಯೂ ಅದಕ್ಕಿದೆ. 2013ರಲ್ಲಿ ಅಲ್ಲಿ ಅಟ್ಲಾಂಟಿಸ್ ಎಂಬ ಷಟಲ್ ನೌಕೆಗೆ ಒಂದು ಮನೆ ಕಟ್ಟಿದರು. ಮೂವತ್ತಮೂರು ಬಾರಿ ಆಕಾಶಕ್ಕೆ ಹೋಗಿಬಂದು 2011ರ ಜುಲೈಯಲ್ಲಿ ಕೊನೆಯದಾಗಿ ನೆಲಕ್ಕಿಳಿದ ಆ ನೌಕೆಯನ್ನು ಸುಮಾರು 43 ಡಿಗ್ರಿ ಓರೆಯಾಗಿ, ಬೆನ್ನಿನ ಬಾಗಿಲುಗಳನ್ನು ತೆರೆದು, ಇನ್ನೂ ಹಾರುತ್ತಿದೆಯೋ ಎಂಬಂತೆ ನಿಲ್ಲಿಸಿದ್ದಾರೆ. ಮಕ್ಕಳಿಗೆ ಜಾರುಬಂಡೆಯೂ ಉಂಟು. ಅದರ ಮುಂದೆ ನಿಂತ ಯಾರಿಗಾದರೂ ಎದೆ ಅರಳದಿದ್ದರೆ ಅಂಥವರ ಎದೆಯ ಬಗ್ಗೆ ವೈದ್ಯರು ಯೋಚಿಸಬೇಕು.

2015ರ ಜೂನಿನಲ್ಲಿ ಇದೇ ಕಟ್ಟಡದೊಳಗೆ, ಹೆಚ್ಚು ಸದ್ದುಗದ್ದಲವಿಲ್ಲದೆ, ಇನ್ನೊಂದು ಭಾಗವನ್ನು ತೆರೆದರು. ಮಂದವಾದ ಬೆಳಕಿನ ಒಂದು ಓಣಿ. ಎರಡು ಬದಿಗೂ ಏಳೇಳು ಗಾಜಿನ ಗೂಡುಗಳು. 1986ರ ಜನವರಿ 28ರಂದು ಚಾಲೆಂಜರ್ ನೌಕೆಯಲ್ಲಿ ಮಡಿದ ಏಳು ಜನರದು ಒಂದು ಕಡೆ. 2003ರ ಫೆಬ್ರವರಿ 1ರಂದು ಕೊಲಂಬಿಯಾದಲ್ಲಿ ಮಡಿದ ಏಳು ಜನರದು ಇನ್ನೊಂದು ಕಡೆ. ಮೊದಲಿನ ಏಳರಲ್ಲಿ ಒಬ್ಬಾಕೆ ಶಾಲಾ ಉಪಾಧ್ಯಾಯಿನಿ, ಕ್ರಿಸ್ಟಾ ಮೆಕಾಲಿಫ್. ಎರಡನೆಯ ಏಳರಲ್ಲಿ ನಮ್ಮ ಕರ್ನಾಲದ ಕಲ್ಪನಾ ಚಾವ್ಲಾ. ಗೂಡುಗಳಲ್ಲಿರುವುದು ಅವರವರ ಮನೆಯವರು ಕೊಟ್ಟ ಸಾಮಾನುಗಳು. ಓಣಿಯ ತುದಿಯಲ್ಲಿ ಎರಡೇ ವಸ್ತುಗಳು: ಚಾಲೆಂಜರಿನ ಎಡಮಗ್ಗುಲಿನ, ಧ್ವಜದ ಚಿತ್ರವಿರುವ ಒಂದು ಹಲಗೆ, ಕೊಲಂಬಿಯಾದ ಮುಂಗಿಟಕಿಗಳ ಚೌಕಟ್ಟು. ಗಾಜು ಹೋಗಿದೆ, ಚೌಕಟ್ಟು ಮಾತ್ರ ಉಳಿದಿದೆ.

ಇಷ್ಟನ್ನು ಜನರ ಕಣ್ಣಿಗೆ ಬೀಳಿಸಲು ಇಪ್ಪತ್ತೊಂಬತ್ತು ವರ್ಷ ಬೇಕಾಯಿತು. ಸಮುದ್ರದಿಂದ ಎತ್ತಿದ ಚಾಲೆಂಜರಿನ ಅವಶೇಷಗಳನ್ನು, ತನಿಖೆ ಮುಗಿದ ಮೇಲೆ, ಬಳಕೆ ತಪ್ಪಿದ ಎರಡು ಕ್ಷಿಪಣಿಬಾವಿಗಳಿಗೆ ಇಳಿಸಿ ಮುಚ್ಚಿಬಿಟ್ಟಿದ್ದರು. ಭಿನ್ನವಾದ ವಿಗ್ರಹವನ್ನು ಪೂಜೆಗಿಡದೆ ಹೊಳೆಗೆ ಬಿಡುವ ನಮ್ಮವರಿಗೆ ಆ ಮನೋಭಾವ ಅರ್ಥವಾಗುತ್ತದೆ. ಕೊಲಂಬಿಯಾದ ಗತಿ ಬೇರೆಯಾಯಿತು. ಟೆಕ್ಸಾಸಿನ ಹೊಲಗಾಡುಗಳಲ್ಲಿ ಹೆಕ್ಕಿ ತಂದ ಸುಮಾರು 84,000 ತುಣುಕುಗಳನ್ನು—ಎಲ್ಲ ಸೇರಿದರೂ ಅವು ನೌಕೆಯ ತೂಕದ ಐದರಲ್ಲಿ ಎರಡು ಪಾಲನ್ನೂ ಮುಟ್ಟಲಿಲ್ಲ—ಹೂಳಲಿಲ್ಲ. ಕೋಣೆಯೊಂದರಲ್ಲಿ ಜೋಡಿಸಿಟ್ಟು ವಿದ್ವಾಂಸರಿಗೆ ಗ್ರಂಥಾಲಯದ ಪುಸ್ತಕಗಳಂತೆ ಎರವಲು ಕೊಡುವ ಏರ್ಪಾಡು ಮಾಡಿದರು. ಹದಿನೇಳು ವರ್ಷಗಳ ಅಂತರದಲ್ಲಿ ಒಂದೇ ಸಂಸ್ಥೆ ಒಂದೇ ಬಗೆಯ ದುಃಖವನ್ನು ಎರಡು ರೀತಿಯಲ್ಲಿ ಕಂಡದ್ದು ಹೀಗೆ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಟಿಕೆಟು ಕೊಂಡು ಬಂದವರಿಗೆ ಸತ್ತವರ ಸಾಮಾನು ತೋರಿಸುವುದು ಉರಿಯುವ ಮನೆಯಲ್ಲಿ ಗಳ ಹಿರಿದಂತಲ್ಲವೆ? ಒಂದು ಕೈಯಲ್ಲಿ ಐಸ್‌ಕ್ರೀಮು ಹಿಡಿದ ಹುಡುಗ ಇನ್ನೊಂದು ಕೈಯಿಂದ ಆ ಗಾಜನ್ನು ಮುಟ್ಟಿ ಮುಂದಕ್ಕೆ ಹೋಗುತ್ತಾನೆ. ಒಬ್ಬ ತಾಯಿಯ ಪಾಲಿಗೆ ಅದು ಮಗಳ ವಸ್ತು. ಈ ಅಪಮಾನದ ಭಯ ನಿಜವಾದುದು. ಅದಕ್ಕೆ ಉತ್ತರ ಹೇಳುವ ಅಧಿಕಾರ ನನಗಾಗಲಿ ನಿಮಗಾಗಲಿ ಇಲ್ಲ. ಇದ್ದರೆ ಆ ಮನೆಗಳವರಿಗೆ ಮಾತ್ರ ಇತ್ತು. ಅವರನ್ನು ಕೇಳಿದರು, ಅವರು ಒಪ್ಪಿದರು. ಒಪ್ಪಿದುದಷ್ಟೇ ಅಲ್ಲ, ಗೂಡಿನಲ್ಲಿ ಏನಿರಬೇಕೆಂಬುದನ್ನೂ ಅವರೇ ಆರಿಸಿಕೊಟ್ಟರು. ಮೊದಲ ಪ್ರಶ್ನೆ ಅಲ್ಲಿಗೆ ಮುಗಿಯಿತೆಂದು ನನ್ನ ಎಣಿಕೆ. ಹಣ ತೆಗೆದುಕೊಳ್ಳುವುದು ಪಾಪವೆಂದರೆ ದೇವಸ್ಥಾನದ ಚಪ್ಪಲಿ ಕಾಯುವವನಿಂದ ಹಿಡಿದು ಎಷ್ಟೋ ಜನರ ಲೆಕ್ಕ ತೆಗೆಯಬೇಕಾದೀತು.

ನನ್ನನ್ನು ಕಾಡುವುದು ಎರಡನೆಯ ಪ್ರಶ್ನೆ. ಅದನ್ನು ಹೇಳಲು ನಮ್ಮೂರುಗಳ ವೀರಗಲ್ಲನ್ನು ನೆನೆಯಬೇಕು. ಕೆರೆಯ ಏರಿಯ ಮೇಲೋ ಊರಬಾಗಿಲಲ್ಲೋ ನಿಂತಿರುವ ಆ ಕಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳು. ಮೇಲಿನದರಲ್ಲಿ ವೀರ ಶಿವಸನ್ನಿಧಿಯಲ್ಲಿ ಕುಳಿತಿರುತ್ತಾನೆ; ನಡುವಿನದರಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಿರುತ್ತಾರೆ; ಕೆಳಗಿನದರಲ್ಲಿ ಅವನು ಸತ್ತ ಕಾಳಗ. ತುರುಗಳನ್ನು ಹೊಡೆದುಕೊಂಡು ಹೋಗಲು ಬಂದವರು, ಅವರ ಬಿಲ್ಲು, ಎದುರಿಗೆ ಇವನ ಕತ್ತಿ, ಹಿಂದೆ ಓಡುವ ಹಸುಗಳು—ಎಲ್ಲವೂ ಅಲ್ಲಿ ಉಂಟು. ಹಳ್ಳಿಯ ಶಿಲ್ಪಿ ಕೆಳಗಿನ ಪಟ್ಟಿಕೆಯನ್ನು ಬಿಟ್ಟು ಮೇಲಿನವೆರಡನ್ನೇ ಕೆತ್ತಿ ಸುಮ್ಮನಾಗಲಿಲ್ಲ. ಇವನು ಏಕೆ ಸತ್ತ, ಯಾರ ಕೈಯಿಂದ ಸತ್ತ ಎಂಬುದು ತಿಳಿಯದೆ ಹೋದರೆ ಸ್ವರ್ಗಕ್ಕೆ ಹೋದುದಕ್ಕೂ ಅರ್ಥವಿಲ್ಲವೆಂದು ಅವನಿಗೆ ತೋಚಿರಬೇಕು.

ಫ್ಲಾರಿಡಾದ ಆ ಓಣಿಯಲ್ಲಿ ಮೇಲಿನ ಪಟ್ಟಿಕೆಗಳೆರಡೂ ಬಹಳ ಚೆನ್ನಾಗಿವೆ. ನೌಕೆ ಒಡೆದುಹೋಗುವ ಚಿತ್ರವನ್ನು ಅಲ್ಲಿ ಹಾಕಿಲ್ಲ. ಅದು ಸರಿಯೇ, ಆ ಚಿತ್ರವನ್ನು ಟೆಲಿವಿಷನ್ನು ಸಾವಿರ ಸಲ ತೋರಿಸಿದೆ. ಸತ್ತ ಬಗೆಯಲ್ಲ, ಬದುಕಿದ ಬಗೆಯೇ ಮುಖ್ಯವೆಂಬುದು ಅದನ್ನು ಸಜ್ಜುಗೊಳಿಸಿದವರ ಉದ್ದೇಶ. ಆದರೆ ಕೆಳಗಿನ ಪಟ್ಟಿಕೆಗೆ ಇನ್ನಷ್ಟು ಜಾಗ ಬೇಕಿತ್ತು. ಯಾತ್ರಿಕರು ಅಪಾಯವನ್ನು ಬಲ್ಲವರು, ಧೈರ್ಯದಿಂದ ಹೋದರು, ಬರಲಿಲ್ಲ ಎಂದಷ್ಟೇ ತಿಳಿದವನಿಗೆ ಆಕಾಶವೇ ಅವರನ್ನು ನುಂಗಿತೆಂಬ ಭಾವನೆ ಬರುತ್ತದೆ. ಆಕಾಶ ನುಂಗಲಿಲ್ಲ. 1986ರ ಜನವರಿ 27ರ ರಾತ್ರಿ, ಹಾರಾಟದ ಹಿಂದಿನ ದಿನ, ರಾಕೆಟ್ಟಿನ ಪಕ್ಕದ ಕೊಳವೆಗಳನ್ನು ತಯಾರಿಸಿದ ಕಂಪೆನಿಯ ಎಂಜಿನಿಯರುಗಳು ದೂರವಾಣಿಯ ಸಭೆಯಲ್ಲಿ ಕುಳಿತು, ಇಷ್ಟು ಚಳಿಯಲ್ಲಿ ಹಾರಿಸಬೇಡಿ ಎಂದರು. ಕೊಳವೆಯ ಕೀಲುಗಳಲ್ಲಿದ್ದ ರಬ್ಬರಿನ ಬಳೆಗಳು ಚಳಿಗೆ ಸೆಟೆದುಕೊಂಡು ಬಿಸಿ ಅನಿಲವನ್ನು ತಡೆಯಲಾರವೆಂಬುದು ಅವರ ಹೆದರಿಕೆ. ರೋಜರ್ ಬೋಜಲಿ ಎಂಬ ಎಂಜಿನಿಯರು ಹಿಂದಿನ ವರ್ಷವೇ ಬರೆದು ಎಚ್ಚರಿಸಿದ್ದ. ಆ ರಾತ್ರಿ ಹಿರಿಯ ಅಧಿಕಾರಿಯೊಬ್ಬ ತನ್ನ ಸಹೋದ್ಯೋಗಿಗೆ, ಎಂಜಿನಿಯರನ ಟೋಪಿಯನ್ನು ತೆಗೆದು ಆಡಳಿತಗಾರನ ಟೋಪಿಯನ್ನು ಹಾಕಿಕೊಳ್ಳುವಂತೆ ಹೇಳಿದ ಸಂಗತಿ ವಿಚಾರಣಾ ಆಯೋಗದ ದಾಖಲೆಯಲ್ಲಿದೆ. ಟೋಪಿ ಬದಲಾಯಿತು. ಮರುದಿನ ನೌಕೆ ಹಾರಿದ 73 ಸೆಕೆಂಡುಗಳಲ್ಲಿ ಎಲ್ಲ ಮುಗಿದಿತ್ತು.

ನನ್ನನ್ನು ಕೇಳಿದರೆ ಆ ಟೋಪಿಗೆ ಅಲ್ಲಿ ಒಂದು ಗಾಜಿನ ಗೂಡು ಬೇಕು. ಇದು ಪರಿಹಾಸ್ಯದ ಮಾತಲ್ಲ. ಓಣಿಯ ಕೊನೆಯಲ್ಲಿ ಒಂದು ಸಾಧಾರಣ ಮೇಜು, ನಾಲ್ಕು ಕುರ್ಚಿ, ಒಂದು ಟೆಲಿಫೋನು ಇಟ್ಟು, ಅಂದು ರಾತ್ರಿ ಏನು ನಡೆಯಿತೆಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟರೆ ಸಾಕು. ನೋಡುವವನು ಗಗನಯಾತ್ರಿಯಾಗುವ ಸಂಭವ ಕಡಮೆ; ಅಂಥ ಮೇಜಿನ ಮುಂದೆ ಕುಳಿತುಕೊಳ್ಳುವ ಸಂಭವ ಬಹಳ ಹೆಚ್ಚು. ಬ್ಯಾಂಕಿನಲ್ಲಿ, ಕಾರ್ಖಾನೆಯಲ್ಲಿ, ಲೋಕೋಪಯೋಗಿ ಇಲಾಖೆಯಲ್ಲಿ, ಆಸ್ಪತ್ರೆಯಲ್ಲಿ ನಾವೆಲ್ಲ ಒಂದು ಟೋಪಿಯನ್ನು ಗೂಟಕ್ಕೆ ಹಾಕಿ ಇನ್ನೊಂದನ್ನು ತೊಟ್ಟುಕೊಳ್ಳುವವರೇ ಅಲ್ಲವೆ? ಅಂದು ಒಪ್ಪಿಗೆ ಕೊಟ್ಟವರು ದುಷ್ಟರಾಗಿರಲಿಲ್ಲ. ದನಗಳ್ಳರಂತೆ ಬಿಲ್ಲು ಹಿಡಿದು ಬಂದವರೂ ಅಲ್ಲ. ಅವರಿಗೊಂದು ದಿನಾಂಕವಿತ್ತು, ಮೇಲಿನವರಿದ್ದರು, ಇದುವರೆಗೆ ಏನೂ ಆಗಿಲ್ಲವೆಂಬ ಧೈರ್ಯವಿತ್ತು. ಆದುದರಿಂದಲೇ ಅವರನ್ನು ಕಲ್ಲಿನಲ್ಲಿ ಕೆತ್ತುವುದು ಕಷ್ಟ, ಆದುದರಿಂದಲೇ ಕೆತ್ತಬೇಕಾದದ್ದು. ಇದನ್ನು ಕಲಿತಿದ್ದರೆ 2003 ಬರುತ್ತಿರಲಿಲ್ಲ. ಹಾರಿದ 82ನೆಯ ಸೆಕೆಂಡಿನಲ್ಲಿ ತೊಟ್ಟಿಯಿಂದ ಕಿತ್ತುಬಂದ ನೊರೆಯ ಗಟ್ಟಿಯೊಂದು ಕೊಲಂಬಿಯಾದ ಎಡರೆಕ್ಕೆಗೆ ಬಡಿದಿತ್ತು. ಅದರ ತೂಕ ಒಂದು ಕಿಲೋ ಕೂಡ ಇರಲಿಲ್ಲ. ನೌಕೆಯ ಚಿತ್ರ ತೆಗೆಸಿ ನೋಡೋಣವೆಂದು ಎಂಜಿನಿಯರುಗಳು ಮತ್ತೆ ಬೇಡಿದರು. ಮತ್ತೆ ಮೇಲೆ ಬೇಡವೆಂದರು. ಆ ಅಪಘಾತವನ್ನು ವಿಚಾರಿಸಿದ ಮಂಡಲಿ ನೊರೆಯಷ್ಟೇ ಆ ಸಂಸ್ಥೆಯ ನಡವಳಿಕೆಯೂ ಕಾರಣವೆಂದು ಸ್ಪಷ್ಟವಾಗಿ ಬರೆಯಿತು.

ಕೆಳಗಿನ ಪಟ್ಟಿಕೆಯನ್ನು ಹೇಗೆ ಕೆತ್ತಬಹುದೆಂಬುದಕ್ಕೆ ಮಾದರಿ ಬೇಕಾದರೆ ಅದೂ ಅಲ್ಲಿಯೇ, ಸ್ವಲ್ಪ ದೂರದಲ್ಲಿ, ಸ್ಯಾಟರ್ನ್ ರಾಕೆಟ್ಟನ್ನು ಮಲಗಿಸಿರುವ ಕಟ್ಟಡದಲ್ಲಿದೆ. 1967ರ ಜನವರಿ 27ರಂದು ನೆಲದ ಮೇಲೆಯೇ ಪರೀಕ್ಷೆ ನಡೆಯುತ್ತಿದ್ದಾಗ ಅಪೊಲೊ ಒಂದರ ಕೋಶಕ್ಕೆ ಬೆಂಕಿ ಬಿದ್ದು ಗ್ರಿಸಮ್, ವೈಟ್, ಚಾಫಿ ಎಂಬ ಮೂವರು ಸತ್ತರು. ಒಳಗೆ ಶುದ್ಧ ಆಮ್ಲಜನಕ. ಬಾಗಿಲು ಒಳಕ್ಕೆ ತೆರೆಯುವಂಥದು. ಬೆಂಕಿಯಿಂದ ಒಳಗಿನ ಒತ್ತಡ ಏರಿದ ಮೇಲೆ ಅದನ್ನು ಒಳಕ್ಕೆಳೆಯಲು ಭೀಮನಿಂದಲೂ ಆಗುತ್ತಿರಲಿಲ್ಲ. ಐವತ್ತು ವರ್ಷ ತುಂಬಿದ ದಿನ, 2017ರಲ್ಲಿ, ಆ ಬಾಗಿಲನ್ನು ಹೊರತಂದು ಪ್ರದರ್ಶನಕ್ಕಿಟ್ಟರು. ಅದರ ಜತೆಗೆ, ಅದಾದ ಮೇಲೆ ಮಾಡಿದ, ಹೊರಕ್ಕೆ ಕೆಲವೇ ಸೆಕೆಂಡುಗಳಲ್ಲಿ ತೆರೆದುಕೊಳ್ಳುವ ಹೊಸ ಬಾಗಿಲನ್ನೂ ಇಟ್ಟರು. ಎರಡು ಬಾಗಿಲುಗಳು, ಅಷ್ಟೇ. ಭಾಷಣವಿಲ್ಲ, ವಾದ್ಯವಿಲ್ಲ. ಶಾಲೆಯ ಹುಡುಗನೂ ಒಂದನ್ನು ನೋಡಿ ಇನ್ನೊಂದನ್ನು ನೋಡಿದರೆ ಮೂವರು ಏಕೆ ಸತ್ತರು, ಆಮೇಲೆ ಚಂದ್ರನಿಗೆ ಹೋದವರು ಏಕೆ ಉಳಿದರು ಎಂಬುದು ತಾನಾಗಿ ತಿಳಿಯುತ್ತದೆ.

ವಾಷಿಂಗ್ಟನ್ನಿನ ಪ್ರಸಿದ್ಧ ವಿಮಾನ-ಅಂತರಿಕ್ಷ ಪ್ರದರ್ಶನಾಲಯದ ಅನುಭವ ಬೇರೆ ಬಗೆಯದು. 1976ರಲ್ಲಿ ಅದು ತೆರೆದಾಗ ಹಿಟ್ಲರನ ಜರ್ಮನಿಯ ವಿ-2 ರಾಕೆಟ್ಟೂ ಅಲ್ಲಿತ್ತು. ಅದಕ್ಕೆ ಬಳಿದುದು ಯುದ್ಧದ ಬಣ್ಣವಲ್ಲ. 1942ರ ಅಕ್ಟೋಬರಿನಲ್ಲಿ ಪರೀಕ್ಷೆಗಾಗಿ ಹಾರಿದ ಮೊದಲನೆಯದರ ಕಪ್ಪು-ಬಿಳಿ ಬಣ್ಣ. ನೋಡಿದವರಿಗೆ ಅದು ಆಕಾಶಯಾನದ ಅಜ್ಜನಂತೆ ಕಂಡಿತೇ ಹೊರತು ಲಂಡನ್ನು, ಆಂಟ್ವರ್ಪುಗಳ ಮನೆಗಳ ಮೇಲೆ ಬಿದ್ದ ಆಯುಧವಾಗಿ ಕಾಣಲಿಲ್ಲ. ಮಿಟ್ಟೆಲ್‌ಬೌ-ಡೋರಾ ಶಿಬಿರದಲ್ಲಿ ಸುಮಾರು 60,000 ಕೈದಿಗಳನ್ನು ದುಡಿಸಿದರೆಂದೂ ಅವರಲ್ಲಿ ಸುಮಾರು 20,000 ಜನ ಸತ್ತರೆಂದೂ, ರಾಕೆಟ್ಟು ಬಿದ್ದು ಸತ್ತವರಿಗಿಂತ ಅದನ್ನು ತಯಾರಿಸುವಾಗ ಸತ್ತವರೇ ಹೆಚ್ಚೆಂದೂ ಇತಿಹಾಸಕಾರರು ಹೇಳುತ್ತಾರೆ. 1990ರ ಹೊತ್ತಿಗೆ ಪ್ರದರ್ಶನಾಲಯದವರೇ ಆ ಫಲಕಗಳನ್ನು ತಿದ್ದಿ ಈ ಕಥೆಯನ್ನೂ ಸೇರಿಸಿದರು. ರಾಕೆಟ್ಟು ಒಂದಂಗುಲವೂ ಬದಲಾಗಲಿಲ್ಲ. ಪಕ್ಕದ ಬರವಣಿಗೆ ಬದಲಾಯಿತು.

ಇದೆಲ್ಲ ದೂರದ ಮಾತೆಂದುಕೊಳ್ಳಬೇಡಿ. ಅಬ್ದುಲ್ ಕಲಾಂ ಅವರು ಅಮೆರಿಕದ ವಾಲಪ್ಸ್ ದ್ವೀಪದ ರಾಕೆಟ್ ಕೇಂದ್ರಕ್ಕೆ ಹೋಗಿದ್ದಾಗ ಅಲ್ಲಿನ ಗೋಡೆಯ ಮೇಲೆ ಟಿಪ್ಪುವಿನ ಸೈನಿಕರು ಬ್ರಿಟಿಷರ ಮೇಲೆ ರಾಕೆಟ್ಟು ಹಾರಿಸುವ ಚಿತ್ರ ಕಂಡು ಹಿಗ್ಗಿದುದನ್ನು ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಹಿಗ್ಗು ಸಹಜವೇ. 2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರಿನ ಹಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳನ್ನು ತೆಗೆದರು. ಅವು ಶಿವಮೊಗ್ಗದ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದವು. ಅಮೆರಿಕದವರು ಬಾವಿಗೆ ಇಳಿಸಿದರು, ನಾವು ಬಾವಿಯಿಂದ ಎತ್ತಿದೆವು! ಈ ಕೊಳವೆಗಳ ಪಕ್ಕದಲ್ಲಿ ಏನು ಬರೆಯಬೇಕು? ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬುವ ನಮ್ಮವರ ಯುಕ್ತಿಯನ್ನು ನೋಡಿ ಇಂಗ್ಲೆಂಡಿನ ಕಾಂಗ್ರೀವ್ ತನ್ನ ರಾಕೆಟ್ಟನ್ನು ಮಾಡಿದ. ಅದನ್ನು ಬರೆಯದಿದ್ದರೆ ನಮ್ಮ ಲೋಹಗಾರರಿಗೆ ದ್ರೋಹ. 1780ರಲ್ಲಿ ಪೊಳ್ಳಿಲೂರಿನ ಬಯಲಿನಲ್ಲಿ ಈ ಜಾತಿಯವೇ ಮನುಷ್ಯರ ಸಾಲುಗಳ ಮೇಲೆ ಬಿದ್ದವು. ಅದನ್ನೂ ಬರೆಯದಿದ್ದರೆ ವಾಷಿಂಗ್ಟನ್ನಿನವರು ಹದಿನಾಲ್ಕು ವರ್ಷ ಇಟ್ಟುಕೊಂಡಿದ್ದ ಫಲಕವನ್ನೇ ನಾವು ಕನ್ನಡದಲ್ಲಿ ನೆಟ್ಟಂತಾಗುತ್ತದೆ. ಇವನ್ನು ಆಯುಧವೆಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ, ಏಕೆಂದರೆ ಬಿದ್ದುದು ಪರಂಗಿಯವರ ಮೇಲೆ ಎನ್ನುವವರುಂಟು. ಆ ಸಾಲಿನಲ್ಲಿ ಕಂಪೆನಿಯ ಸಂಬಳಕ್ಕೆ ದುಡಿಯುತ್ತಿದ್ದ ಮದರಾಸಿನ ಸಿಪಾಯಿಗಳೇ ಹೆಚ್ಚಾಗಿದ್ದರೆಂಬುದು ಅಂಥವರಿಗೆ ನೆನಪಿಲ್ಲ. ಶಿವಮೊಗ್ಗದ ಫಲಕದಲ್ಲಿ ಅವರಿಗೂ ಒಂದು ಪಂಕ್ತಿ ಸಿಗಬೇಕು. ಜಾಗವೇನೂ ಹೆಚ್ಚು ಹಿಡಿಯುವುದಿಲ್ಲ.