ಕಾಲೇಜು ನೋಡುವ ಶಾಸ್ತ್ರ

ನಮ್ಮ ಕಡೆ ಹೆಣ್ಣು ನೋಡಲು ಹೋದವರು ಹೆಣ್ಣನ್ನು ನೋಡುವುದೇ ಕಡಿಮೆ. ಮನೆ ನೋಡುತ್ತಾರೆ, ದನಗಳನ್ನು ಎಣಿಸುತ್ತಾರೆ, ಈ ಸಲ ತೊಗರಿ ಎಷ್ಟು ಚೀಲ ಬಂತೆಂದು ವಿಚಾರಿಸುತ್ತಾರೆ, ಸುಸಲಾ ತಿಂದು ಚಹ ಕುಡಿದು ಎದ್ದು ಬರುತ್ತಾರೆ. ಹುಡುಗಿ ಹೇಗಿದ್ದಳೆಂದು ದಾರಿಯಲ್ಲಿ ಯಾರಾದರೂ ಕೇಳಿದರೆ, ತಲೆ ತಗ್ಗಿಸಿ ಕುಳಿತಿದ್ದಳೆಂಬುದಷ್ಟೇ ನೆನಪಾಗುತ್ತದೆ. ಕಾಲೇಜು ನೋಡುವ ಶಾಸ್ತ್ರವೂ ಈಗೀಗ ಇದೇ ರೀತಿ ನಡೆಯುತ್ತಿದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದು ಊರುಗಳಲ್ಲೊಂದರ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಹೇಳುವವನು. ಯಾವ ಊರೆಂದು ವಾಚಕರು ಕೇಳಬಾರದು. ಕೇಳಿದರೆ ಮುಂದಿನದನ್ನು ಬರೆಯುವ ಧೈರ್ಯ ನನಗಿರದು. ಪಿ.ಯು.ಸಿ. ಫಲಿತಾಂಶ ಬಂದ ಮೇಲೆ ನಾಲ್ಕಾರು ವಾರ, ಬಂದವರಿಗೆ ಕಾಲೇಜು ತೋರಿಸುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಇದಕ್ಕೊಂದು ಕ್ರಮವಿದೆ. ಮೊದಲು ಹೊಸ ಕಟ್ಟಡ. ಬಳಿಕ ಕಂಪ್ಯೂಟರುಗಳ ಕೋಣೆ. ಆಮೇಲೆ ಗೋಡೆಗೆ ತೂಗುಹಾಕಿದ ಬಹುಮಾನಗಳ ಚಿತ್ರಗಳು. ಗ್ರಂಥಾಲಯ ಕೊನೆಗೆ, ಅದೂ ಬೀಗದ ಕೈ ಸಿಕ್ಕರೆ. ಸಿಗದಿದ್ದ ದಿನ ಕಿಟಕಿಯಿಂದಲೇ ಕಪಾಟುಗಳನ್ನು ತೋರಿಸಿ, ‘ಸಾವಿರಾರು ಪುಸ್ತಕಗಳಿವೆ’ ಎನ್ನುತ್ತೇನೆ. ಇವೆ, ಸುಳ್ಳಲ್ಲ. ಆದರೆ ಅವುಗಳಲ್ಲಿ ಒಂದನ್ನು ತೆಗೆದು, ಹಿಂಬದಿಯ ಚೀಟಿಯ ಮೇಲೆ ಕೊನೆಯ ಮೊಹರು ಯಾವ ವರ್ಷದ್ದೆಂದು ಇದುವರೆಗೆ ಯಾರೂ ನೋಡಿಲ್ಲ. ಕಾಲೇಜೊಂದರ ಪಂಚಾಂಗ ಆ ಚೀಟಿಯಲ್ಲಿದೆ. ನ್ಯಾಕ್ ಕೊಟ್ಟ ಅಕ್ಷರದ ಅಂಕಿತಕ್ಕಿಂತ ಅದನ್ನು ನಾನು ಹೆಚ್ಚು ನಂಬುತ್ತೇನೆ.

ಹಿಂದಿನ ವರ್ಷ ಚಿಂಚೋಳಿ ಸೀಮೆಯಿಂದ ತಾಯಿಯೊಬ್ಬಳು ಮಗಳನ್ನು ಕರೆದುಕೊಂಡು ಬಂದಿದ್ದಳು. ಚಿಂಚೋಳಿಗೆ ರೈಲಿಲ್ಲ, ಎರಡು ಬಸ್ಸು ಬದಲಾಯಿಸಿ ಬಂದಿದ್ದರು. 2023ರ ಜೂನಿನಲ್ಲಿ ಹೆಂಗಸರಿಗೆ ಬಸ್ಸಿನಲ್ಲಿ ಟಿಕೇಟಿನ ಹಣವಿಲ್ಲವೆಂದು ಆದ ಮೇಲೆ ಇಂಥ ತಾಯಂದಿರು ನಮ್ಮ ಅಂಗಳದಲ್ಲಿ ಕಾಣತೊಡಗಿದ್ದಾರೆ. ಮೊದಲು ಅಪ್ಪನೋ ಅಣ್ಣನೋ ಬಂದು ಅರ್ಜಿ ತುಂಬಿ ಹೋಗುತ್ತಿದ್ದ. ಓದುವವಳು ಕಾಲೇಜನ್ನು ಕಾಣುತ್ತಿದ್ದುದು ಮೊದಲ ತರಗತಿಯ ದಿನವೇ. ಆದರೂ ಆ ತಾಯಿಗೆ ಒಂದು ದಿನದ ಕೂಲಿ ಹೋಗಿತ್ತು. ಕಾಲೇಜು ನೋಡುವುದಕ್ಕೂ ಬೆಲೆಯಿದೆ ಎಂಬುದು ನಮ್ಮಂಥವರಿಗೆ ಹೊಳೆಯುವುದಿಲ್ಲ.

ನನ್ನ ಕ್ರಮದಂತೆ ಹೊಸ ಕಟ್ಟಡ ತೋರಿಸಿದೆ. ಆಕೆ ಅದನ್ನು ತಲೆಯೆತ್ತಿ ನೋಡಲೂ ಇಲ್ಲ. ನಲ್ಲಿ ತಿರುಗಿಸಿ ಬೊಗಸೆಯಲ್ಲಿ ನೀರು ಕುಡಿದಳು. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು ತಳ್ಳಿ ಒಳಗೆ ಹೋಗಿ ಬಂದಳು. ಸಂಜೆಯ ಕಡೆಯ ಬಸ್ಸು ಎಷ್ಟಕ್ಕೆಂದು ಕೇಳಿದಳು. ಆಮೇಲೆ, ‘ಸರ, ಇಲ್ಲಿ ಮಾಸ್ತರು ದಿನಾ ಬರ್ತಾರೇನ್ರಿ?’ ಎಂದಳು.

ಬರುತ್ತಾರೆಂದೆ. ಆ ಪ್ರಶ್ನೆಯ ಹಿಂದಿನ ಕಥೆ ನನಗೆ ತಿಳಿಯದ್ದಲ್ಲ. ನಮ್ಮ ನಾಡಿನ ಸರ್ಕಾರಿ ಕಾಲೇಜುಗಳಲ್ಲಿ ಪಾಠದ ಭಾರವನ್ನು ಬಹಳಮಟ್ಟಿಗೆ ಹೊತ್ತವರು ಅತಿಥಿ ಉಪನ್ಯಾಸಕರು. ಅವರ ನೇಮಕದ ಆದೇಶ ತಡವಾದರೆ ಕಾಲೇಜು ತೆರೆದಿದ್ದರೂ ತರಗತಿ ತೆರೆಯುವುದಿಲ್ಲ. ಅತಿಥಿಯೆಂದು ಹೆಸರಿಟ್ಟು ಮನೆಯ ಕೆಲಸವನ್ನೆಲ್ಲ ಅವನಿಂದ ಮಾಡಿಸುವ ಪದ್ಧತಿ ಬೇರೆಲ್ಲಿದೆಯೋ ಕಾಣೆ.

ಹೊರಡುವಾಗ ಆಕೆ ಸಹಜವಾಗಿ, ಮರ್ಯಾದೆಯ ಮಾತೆಂಬಂತೆ, ‘ನಿಮ್ಮ ಮಗಳೂ ಇಲ್ಲೇ ಓದ್ತಾಳೇನ್ರಿ?’ ಎಂದಳು.

ನನ್ನ ಮಗಳೂ ಅದೇ ವರ್ಷ ಪಿ.ಯು.ಸಿ. ಮುಗಿಸಿದ್ದಳು. ಮುಂದಿನ ಶನಿವಾರ ವಾಡಿಯಿಂದ ಬೆಂಗಳೂರಿಗೆ ಹೋಗಲು ಉದ್ಯಾನ್ ರೈಲಿನ ಎರಡು ಟಿಕೇಟು ಆಗಲೇ ತೆಗೆದಿದ್ದೆ. ಅಲ್ಲಿ ಮೂರು ಕಾಲೇಜು ನೋಡಿ ಒಂದನ್ನು ಆರಿಸುವುದೆಂದು ತಂದೆ ಮಗಳು ಮಾತಾಡಿಕೊಂಡಿದ್ದೆವು. ನಾನು ಹೇಳಿದ್ದು: ‘ನೋಡಬೇಕವ್ವಾ, ಇನ್ನೂ ಗಟ್ಟಿಯಾಗಿಲ್ಲ.’ ಕುರುಕ್ಷೇತ್ರದಲ್ಲಿ ಧರ್ಮರಾಯ ಆನೆಯೆಂಬ ಮಾತನ್ನು ಮೆಲ್ಲಗೆ ಹೇಳಿದನಲ್ಲ, ಆ ಜಾತಿಯ ಮಾತು. ನೆಲದಿಂದ ನಾಲ್ಕು ಬೆರಳು ಮೇಲೆ ನಡೆಯುತ್ತಿದ್ದ ಅವನ ರಥ ಅಂದು ಕೆಳಗಿಳಿಯಿತಂತೆ. ನನ್ನದು ಮೊದಲೇ ನೆಲದ ಮೇಲಿತ್ತು, ಹೂತುಹೋಯಿತು.

ನಮ್ಮ ಹಿರಿಯರಿಗೆ ಈ ತೊಡಕು ಇರಲಿಲ್ಲ. ನಿಜಾಮರ ಕಾಲದಲ್ಲಿ ಪದವಿ ಬೇಕೆಂದವನು ಇಲ್ಲಿಂದ ರೈಲು ಹತ್ತಿ ಹೈದರಾಬಾದಿಗೆ ಹೋಗುತ್ತಿದ್ದ. 1918ರಲ್ಲಿ ಹುಟ್ಟಿದ ಉಸ್ಮಾನಿಯಾದಲ್ಲಿ, ಮನೆಯ ಮಾತು ಕನ್ನಡವಾದರೂ ಉರ್ದುವಿನಲ್ಲಿ ಕಲಿತು ಬರುತ್ತಿದ್ದ. 1956ರ ಏಕೀಕರಣದ ಮೇಲೆ ನಮ್ಮ ಮುಖ ಧಾರವಾಡದತ್ತ ತಿರುಗಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂತು. 2009ರಲ್ಲಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಪ್ರದೇಶದೊಳಗಿನ ಸಂಸ್ಥೆಗಳಲ್ಲಿ ನೂರಕ್ಕೆ 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8 ಸ್ಥಾನ ನಮ್ಮ ಮಕ್ಕಳಿಗೆಂದಾಯಿತು. ಬಾಗಿಲುಗಳು ಹೆಚ್ಚಿದವು. ಒಂದೇ ಬಾಗಿಲಿದ್ದವನಿಗೆ ಧರ್ಮಸಂಕಟವೆಲ್ಲಿಯದು?

ನನ್ನ ಸಂಕಟವನ್ನು ಗೆಳೆಯರೊಬ್ಬರ ಮುಂದಿಟ್ಟೆ. ‘ಮಗಳಿಗೆ ಒಳ್ಳೆಯದನ್ನು ಹುಡುಕುವುದು ತಂದೆಯ ಧರ್ಮ; ಇದರಲ್ಲಿ ತಪ್ಪೇನು?’ ಎಂದರು. ತಪ್ಪಿಲ್ಲ. ನನ್ನ ಮಾತಿಗೆ ಬೆಲೆ ಬರಲೆಂದು ಮಗಳನ್ನು ಒತ್ತೆಯಿಡಲು ಅವಳೇನು ನನ್ನ ಸೊತ್ತೆ? ಆದರೆ ಅಷ್ಟಕ್ಕೇ ಮಾತು ಮುಗಿಯುವುದಿಲ್ಲ. ಹೋಗಬಲ್ಲವರೆಲ್ಲ ಹೋದರೆ ಕಾಲೇಜು ಹೋಗಲಾರದವರಿಗೆ ಉಳಿಯುತ್ತದೆ. ಹೋಗಲಾರದವರ ದೂರನ್ನು ಕೇಳುವವರಿಲ್ಲ. ಮೇಷ್ಟರ ಮಕ್ಕಳು ಓದುವ ಕಾಲೇಜಿನ ಗ್ರಂಥಾಲಯಕ್ಕೆ ಬೀಗ ಬಿದ್ದೀತೆ? ಇನ್ನೂ ಒಂದು ಮಾತು. ಬೇರೆ ತಂದೆಗೆ ಸಿಗದ ಅನುಕೂಲವೊಂದು ನನಗಿದೆ. ಕಾಲೇಜು ಸರಿಯಿಲ್ಲವೆಂದು ಕಂಡರೆ ಅವನು ಬೇರೆಯದನ್ನು ಹುಡುಕಬಹುದಷ್ಟೆ. ನಾನು ಅದನ್ನು ಸರಿಮಾಡಬಹುದಾಗಿತ್ತು. ಇಪ್ಪತ್ತು ವರ್ಷ ಅಲ್ಲಿಯೇ ಇದ್ದೇನೆ. ಬಂದವರು ನೋಡಬೇಕಾದದ್ದು ಕಟ್ಟಡವನ್ನಲ್ಲ, ನನ್ನನ್ನು. ನಾನೋ ಮಾರ್ಗದರ್ಶಿಯ ವೇಷದಲ್ಲಿ ಆ ನೋಟದಿಂದ ತಪ್ಪಿಸಿಕೊಳ್ಳುತ್ತಿದ್ದೆ.

ಬೆಂಗಳೂರಿಗೆ ಹೊರಡುವ ಮುಂಚೆ ಒಂದು ದಿನ ಮಗಳನ್ನು ಚಿತ್ತಾಪುರದ ಮಗ್ಗುಲಿಗಿರುವ ನಾಗಾವಿಗೆ ಕರೆದೊಯ್ದೆ. ದೂರದ್ದನ್ನು ನೋಡುವ ಮೊದಲು ಹತ್ತಿರದ್ದನ್ನು ನೋಡಲಿ ಎಂದು. ಸಾವಿರ ವರ್ಷದ ಹಿಂದೆ ಅಲ್ಲೊಂದು ಘಟಿಕಾಸ್ಥಾನವಿತ್ತು. 1058ರ ಶಾಸನ ಅದರ ಲೆಕ್ಕ ಕೊಡುತ್ತದೆ: ವೇದ ಓದುವವರು 200, ಶಾಸ್ತ್ರ ಓದುವವರು 50, ಅವರಿಗೆ ಅಧ್ಯಾಪಕರು, ಪುಸ್ತಕಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರು. ಕಲ್ಯಾಣದ ಚಾಲುಕ್ಯರ ದಂಡನಾಯಕ ಮಧುಸೂದನ ಇವರ ಜೀವನಕ್ಕೆ ದತ್ತಿ ಬಿಟ್ಟಿದ್ದ. ‘ಆರು ಮಂದಿಯೇ? ನಿಮ್ಮಲ್ಲಿ ಎಷ್ಟು ಜನರಪ್ಪಾ?’ ಎಂದು ಮಗಳು ಕೇಳಿದಳು. ಒಬ್ಬ, ಅವನೂ ಬೇರೆ ಕೆಲಸದ ಮೇಲೆ ಎಂದೆ. ನಕ್ಕಳು, ನಗುವಂಥದ್ದೇ. ಆದರೆ ಹಳೆಯದನ್ನು ಹೊಗಳುವ ಚಪಲ ನಮಗೆ ಬಹಳ. ಚಿಂಚೋಳಿಯ ಆ ತಾಯಿಯ ಮಗಳಿಗಾಗಲಿ ನನ್ನ ಮಗಳಿಗಾಗಲಿ ಆ ಘಟಿಕಾಸ್ಥಾನದಲ್ಲಿ ಜಾಗವಿರಲಿಲ್ಲ. ಬೀಗ ಬಿದ್ದ ನಮ್ಮ ಗ್ರಂಥಾಲಯದ ಮುಂದೆ ನಿಲ್ಲುವ ಹಕ್ಕಾದರೂ ಅವರಿಗಿದೆ.

ಬೆಂಗಳೂರಿನ ಮಾತು ಹೆಚ್ಚಿಲ್ಲ. ಮೂರು ಕಾಲೇಜು ನೋಡಿದೆವು. ಮೂರರಲ್ಲೂ ಹಸುರು ಹುಲ್ಲಿತ್ತು. ಮೂರರಲ್ಲೂ ನಗುಮೊಗದ ಒಬ್ಬರು ನಮ್ಮನ್ನು ಸುತ್ತಾಡಿಸಿದರು. ಅವರ ಹೆಜ್ಜೆಯ ಕ್ರಮ ನನಗೆ ಚಿರಪರಿಚಿತ: ಹೊಸ ಕಟ್ಟಡ, ಕಂಪ್ಯೂಟರು, ಬಹುಮಾನ. ನನ್ನ ವಿದ್ಯೆಯೇ ನನಗೆ ಇದಿರು ನಿಂತಿತ್ತು; ಆದರೂ ಮರುಳಾದೆ. ಮಗಳು ಎರಡನೆಯದನ್ನು ಆರಿಸಿದಳು. ಅಲ್ಲಿಯ ಗ್ರಂಥಾಲಯದಲ್ಲಿ ಅರ್ಧ ತಾಸು ಕುಳಿತಿದ್ದಳು, ಯಾರೂ ಏಳೆಂದು ಹೇಳಲಿಲ್ಲ, ಕಾರಣ ಅಷ್ಟೆ.

ಚಿಂಚೋಳಿಯ ಹುಡುಗಿ ನಮ್ಮಲ್ಲಿಗೇ ಸೇರಿದಳು. ಎರಡನೆಯ ಬೆಂಚಿನಲ್ಲಿ ಕೂಡುತ್ತಾಳೆ. ಗ್ರಂಥಾಲಯದ ಬೀಗಕ್ಕೆ ಇನ್ನೊಂದು ಕೈ ಮಾಡಿಸಿ, ಪ್ರಾಚಾರ್ಯರ ಒಪ್ಪಿಗೆಯಿಂದ, ಮಧ್ಯಾಹ್ನ ಎರಡು ತಾಸು ನಾನೇ ಅಲ್ಲಿ ಕೂಡತೊಡಗಿದ್ದೇನೆ. ಮೊದಲ ವಾರ ಬಂದವರು ಮೂವರು.

ಶುಲ್ಕದ ಕೆಲಸಕ್ಕೆಂದು ದೀಪಾವಳಿಯ ಮುಂಚೆ ಆ ತಾಯಿ ಮತ್ತೆ ಬಂದಳು. ‘ಮಗಳನ್ನ ಎಲ್ಲಿ ಹಾಕಿದ್ರಿ ಸರ?’ ಎಂದಳು. ಈ ಸಲ ಬೆಂಗಳೂರೆಂದೆ; ಅಂದು ಕೇಳಿದಾಗಲೇ ಟಿಕೇಟು ತೆಗೆದಾಗಿತ್ತೆಂಬುದನ್ನೂ ಹೇಳಿದೆ. ಆಕೆಯ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಳ್ಳೇದಾತು ಬಿಡ್ರಿ. ಅಲ್ಲಿ ಮಾಸ್ತರು ದಿನಾ ಬರ್ತಾರೇನ್ರಿ?’ ಎಂದು ಕೇಳಿದಳು.

ಅದನ್ನು ನಾವು ಅಲ್ಲಿ ಕೇಳಿರಲಿಲ್ಲ.