ಗೋಡೆಯ ಋಣ

ವಿಚಾರ ಸಂಕಿರಣ ಮುಗಿದ ಮರುದಿನ ಪೋರ್ಚುಗಲ್ಲಿನ ಡೋರೋ ಕಣಿವೆಗೆ ಹೋಗಿದ್ದೆ. ಪಿನ್ಯಾವ್ ಎಂಬ ಊರು. ಎದುರಿಗೆ ನದಿ, ತಟ್ಟೆಯಲ್ಲಿ ಉಪ್ಪು ಹಾಕಿ ಒಣಗಿಸಿದ ಮೀನಿನ ಅಡುಗೆ, ಆಲಿವ್ ಎಣ್ಣೆ, ಬ್ರೆಡ್ಡು, ಪುಟ್ಟ ಗ್ಲಾಸಿನಲ್ಲಿ ಪೋರ್ಟ್ ವೈನ್. ‘ಪ್ರಕೃತಿ ಎಷ್ಟು ಚೆಂದ!’ ಎಂದೆ. ವೈನ್ ಸುರಿಯುತ್ತಿದ್ದ ಹೆಂಗಸು ನಕ್ಕರು: ‘ಪ್ರಕೃತಿ ಇಲ್ಲಿ ಕೊಟ್ಟಿದ್ದು ಬರೀ ಕಲ್ಲು.’

ನಿಜ. ಬೆಟ್ಟದ ಹಳೆಯ ಮೆಟ್ಟಿಲುಗಳನ್ನು ಹಿಡಿದು ನಿಲ್ಲಿಸಿರುವುದು ಗಾರೆಯಿಲ್ಲದೆ ಕೈಯಿಂದ ಜೋಡಿಸಿದ ಗೋಡೆಗಳು. 1756ರಲ್ಲಿ ಈ ದ್ರಾಕ್ಷಿಸೀಮೆಗೆ ಗಡಿ ಗೊತ್ತುಮಾಡಿದ ಪೊಂಬಾಲನ ಹೆಸರು ಚರಿತ್ರೆಯಲ್ಲಿದೆ; ಕಲ್ಲು ಹೊತ್ತವರ ಹೆಸರಿಲ್ಲ. 19ನೇ ಶತಮಾನದಲ್ಲಿ ಫಿಲಾಕ್ಸೆರಾ ಕೀಟ ಬಳ್ಳಿಗಳ ಬೇರು ತಿಂದಾಗ ಪಾಳುಬಿದ್ದ ಗೋಡೆಗಳೂ ನಮ್ಮ ಫೋಟೋಗಳಲ್ಲಿ ಸುಂದರವಾಗಿಯೇ ಬರುತ್ತವೆ.

ಹಾಗಾದರೆ ಇನ್ನೊಬ್ಬರ ಬೆವರನ್ನು ನೋಟವಾಗಿ ಸವಿಯುವುದು ತಪ್ಪೇ? ನಾನು ಗ್ಲಾಸು ಕೆಳಗಿಟ್ಟರೆ ಸತ್ತವರಿಗೆ ಕೂಲಿ ಸಿಗುವುದಿಲ್ಲ. ಇವತ್ತು ದ್ರಾಕ್ಷಿ ಕೊಯ್ಯುವವರಿಗೂ ಏನೂ ಲಾಭವಿಲ್ಲ. ತಪ್ಪು ಸವಿಯುವುದರಲ್ಲಿಲ್ಲ, ದುಡಿಮೆಯನ್ನು ‘ಪ್ರಕೃತಿ’ ಎಂದು ಕರೆದು ಋಣ ಮರೆಯುವುದರಲ್ಲಿದೆ. ಒಂದು ಗುಟುಕಿನಲ್ಲಿ ಒಣಹಣ್ಣಿನ ಘಮ ಹುಡುಕುವಷ್ಟು ತಾಳ್ಮೆ ನಮಗಿದೆ. ಅದೇ ತಾಳ್ಮೆಯಿಂದ ಗೋಡೆಯನ್ನೂ ನೋಡಬಹುದಲ್ಲ?

ಎರಡನೆಯ ಗುಟುಕಿಗೆ ಮುಂಚೆ ಗೋಡೆಗಳ ಸಾಲು ಎಣಿಸತೊಡಗಿದೆ. ಅರ್ಧಕ್ಕೇ ಲೆಕ್ಕ ತಪ್ಪಿತು.