ಓದಲು ಬಾರದ್ದು ಖಾಲಿಯೇ?

ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್‌ಗಳನ್ನು ಇಟ್ಟುಕೊಳ್ಳಬಹುದು. ಕೊಳ್ಳುವಾಗಲೇ ಒಳಗಿರುವ ವಿಂಡೋಸ್ ಒಂದು ಕಡೆ, ನಾವಾಗಿ ತಂದು ಹಾಕಿಕೊಂಡ ಲಿನಕ್ಸ್ ಇನ್ನೊಂದು ಕಡೆ. ಯಂತ್ರ ಚಾಲೂ ಮಾಡಿದಾಗ ಯಾವುದು ಬೇಕೆಂದು ಒಂದು ಪಟ್ಟಿ ಕೇಳುತ್ತದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11ರ ಷರತ್ತುಗಳಿಗೆ ಹೊಂದದ ಹಳೆಯ ಲ್ಯಾಪ್‌ಟಾಪ್ ಉಳ್ಳವರು ಅಂದಿನಿಂದ ಈ ಎರಡನೆಯ ದಾರಿಯ ಬಗ್ಗೆ ಯೋಚಿಸಲೇಬೇಕಾಗಿದೆ.

ಇದರ ತಾಂತ್ರಿಕ ವಿವರ ಹೇಳಬಲ್ಲವರು ಬಹಳ ಮಂದಿ ಇದ್ದಾರೆ. ನನ್ನನ್ನು ಕಾಡುವುದು ಬೇರೆ ಪ್ರಶ್ನೆ. ಒಂದೇ ಜಾಗವನ್ನು ಹಂಚಿಕೊಂಡ ಇಬ್ಬರಲ್ಲಿ, ಇನ್ನೊಬ್ಬರನ್ನು ಅರಿಯುವ ಹೊಣೆ ಯಾರದು?

ಬಲ್ಲವರು ಕೊಡುವ ಹಳೆಯ ಬುದ್ಧಿಮಾತೊಂದಿದೆ: ಮೊದಲು ವಿಂಡೋಸ್ ಹಾಕಿ, ಆಮೇಲೆ ಲಿನಕ್ಸ್. ಉಬುಂಟುವಿನಂಥ ಲಿನಕ್ಸ್ ಬರುವಾಗ ಡಿಸ್ಕಿನಲ್ಲಿ ಈಗಾಗಲೇ ಯಾರಿದ್ದಾರೆಂದು ಹುಡುಕುತ್ತದೆ. ವಿಂಡೋಸ್ ಕಂಡರೆ, ಅದರ ಪಕ್ಕದಲ್ಲಿ ಇರಲೇ ಎಂದು ಕೇಳುತ್ತದೆ. ಆರಂಭದ ಪಟ್ಟಿಯಲ್ಲಿ ಅದರ ಹೆಸರನ್ನೂ ಬರೆಯುತ್ತದೆ. ವಿಂಡೋಸ್ ಆಮೇಲೆ ಬಂದರೆ ಲಿನಕ್ಸ್‌ನ ಹೆಸರನ್ನು ಪಟ್ಟಿಗೆ ಸೇರಿಸುವುದಿಲ್ಲ. ಸಾಮಾನ್ಯವಾಗಿ ಬಾಗಿಲನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತದೆ. ಲಿನಕ್ಸ್ ಒಳಗೇ ಇರುತ್ತದೆ, ಹೋಗುವ ದಾರಿ ಮಾತ್ರ ಕಾಣುವುದಿಲ್ಲ.

ಓದುವ ವಿಷಯದಲ್ಲೂ ಹೀಗೆಯೇ. ವಿಂಡೋಸ್ ತನ್ನ ಕಡತಗಳನ್ನು ಎನ್‌ಟಿಎಫ್‌ಎಸ್ ಎಂಬ ಕ್ರಮದಲ್ಲಿ ಜೋಡಿಸಿಡುತ್ತದೆ. ಲಿನಕ್ಸ್ ಹೆಚ್ಚಾಗಿ ಇಎಕ್ಸ್‌ಟಿ4 ಎಂಬ ಕ್ರಮದಲ್ಲಿ. ಲಿನಕ್ಸ್ ಎರಡನ್ನೂ ಓದಬಲ್ಲದು. ವಿಂಡೋಸಿಗೆ ತಾನಾಗಿ ಎರಡನೆಯದು ಬಾರದು. ಅಂಥ ಪೆನ್‌ಡ್ರೈವ್ ಒಂದನ್ನು ಸಿಕ್ಕಿಸಿದರೆ, ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎನ್ನುತ್ತದೆ. ಎಂದರೆ, ಅಳಿಸಲೇ ಎಂದು. 'ನನಗೆ ಓದಲು ಬಾರದು' ಎನ್ನಬೇಕಾದಲ್ಲಿ 'ಅಳಿಸೋಣವೇ' ಎಂದು ಕೇಳುವ ಈ ಅಭ್ಯಾಸ ಯಂತ್ರದ್ದು ಮಾತ್ರವೇ?

ಉರ್ದುವನ್ನೂ ಕನ್ನಡವನ್ನೂ ಕಲಿತ ನನ್ನಂಥವರಿಗೆ ಇದು ಹೊಸತಲ್ಲ. ಬಲದಿಂದ ಎಡಕ್ಕೂ ಎಡದಿಂದ ಬಲಕ್ಕೂ ಓದದೆ ನಮಗೆ ಬದುಕು ಸಾಗದು. ಒಂದರಲ್ಲೇ ಬದುಕು ಸಾಗುವವರಿಗೆ ಇನ್ನೊಂದು ಬರೀ ಗೀಟುಗಳಾಗಿ ಕಾಣುತ್ತದೆ. ಅರಿಯದೆ ಇರುವ ಅನುಕೂಲ ದೊಡ್ಡವರಿಗೇ ಸಿಗುವಂಥದ್ದು.

ಇದನ್ನು ದುಷ್ಟತನವೆಂದರೆ ಅನ್ಯಾಯವಾದೀತು. 2024ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಒಂದು ಭದ್ರತಾ ಅಪ್‌ಡೇಟ್ ಹೊರಡಿಸಿತು. ಯಂತ್ರ ಏಳುವಾಗ ಓಡುವ ಹಳೆಯ, ದೋಷವಿರುವ ತಂತ್ರಾಂಶಗಳನ್ನು ತಡೆಯುವುದು ಅದರ ಕೆಲಸ. ಎರಡು ಸಿಸ್ಟಮ್ ಇರುವ ಯಂತ್ರಗಳನ್ನು ಅದು ಮುಟ್ಟಬಾರದೆಂದೇ ಮಾಡಿದವರ ಉದ್ದೇಶವಾಗಿತ್ತು. ಆದರೆ ಕೆಲವು ಜೋಡಣೆಗಳನ್ನು ಅದು ಗುರುತಿಸಲಿಲ್ಲ. ಅಲ್ಲಿ ಲಿನಕ್ಸ್ ಏಳಲೇ ಇಲ್ಲ. ಪರಿಹಾರ ಬಂದದ್ದು 2025ರ ಮೇ ತಿಂಗಳಲ್ಲಿ. ಇಲ್ಲಿ ದ್ವೇಷವಿರಲಿಲ್ಲ, ಗುರುತೂ ಇರಲಿಲ್ಲ. ಹಾನಿಗೆ ಅಷ್ಟು ಸಾಕಾಯಿತು.

ಹಾಗೆಂದು ಲಿನಕ್ಸನ್ನು ಸಂತನೆನ್ನಲಾಗದು. ಅದು ಬರೆಯುವ ಪಟ್ಟಿಯಲ್ಲೂ ಮೊದಲ ಸಾಲು ಅದರದ್ದೇ. ಲ್ಯಾಪ್‌ಟಾಪ್‌ಗಳ ಲೋಕದಲ್ಲಿ ಅದು ಚಿಕ್ಕದು. ನೆರೆಯವನ ಬರಹ ಕಲಿಯದೆ ಅದಕ್ಕೆ ಬಾಳುವೆಯಿಲ್ಲ. ಸರ್ವರ್‌ಗಳ ಲೋಕದಲ್ಲಿ ಲಿನಕ್ಸೇ ದೊಡ್ಡದು. ಅದಕ್ಕಾಗಿ ತಂತ್ರಾಂಶ ಬರೆಯುವವರನ್ನು ಉಳಿಸಿಕೊಳ್ಳಲು 2016ರಲ್ಲಿ ವಿಂಡೋಸ್ ತನ್ನೊಳಗೇ ಲಿನಕ್ಸಿಗೊಂದು ಕೋಣೆ ಕಟ್ಟಿಕೊಟ್ಟಿತು. ಎಲ್ಲಿ ಅಗತ್ಯವೋ ಅಲ್ಲಿ ಎಲ್ಲರೂ ಕಲಿಯುತ್ತಾರೆ. ಹೀಗೆ ಅನಿವಾರ್ಯದಿಂದ ಬಂದ ವಿನಯವನ್ನು ಸದ್ಗುಣವೆನ್ನಬಹುದೇ?

ನನಗನ್ನಿಸುವುದಿಷ್ಟು. ಅಗತ್ಯವಿದ್ದಾಗ ಕಲಿಯುವುದು ಜಾಣತನ. ಅಗತ್ಯವಿಲ್ಲದಿದ್ದರೂ, ಪಕ್ಕದಲ್ಲಿದ್ದಾನೆ ಎಂಬ ಒಂದೇ ಕಾರಣಕ್ಕೆ ನೆರೆಯವನ ಲಿಪಿಯನ್ನು ಕಲಿಯುವುದರಿಂದ ನೀತಿಯ ಮಾತು ಶುರುವಾಗುತ್ತದೆ. ಆದ್ದರಿಂದ ಆ ಹೊಣೆ ಹೆಚ್ಚು ಜಾಗ ಉಳ್ಳವನ ಮೇಲೆಯೇ ಹೆಚ್ಚು.

ಯಂತ್ರಕ್ಕೆ ನೀತಿ ಕಲಿಸಲು ನಮ್ಮಿಂದ ಆಗದಿರಬಹುದು. ಆದರೆ 'ಫಾರ್ಮ್ಯಾಟ್ ಮಾಡಲೇ' ಎಂದು ಅದು ಕೇಳಿದಾಗ ಉತ್ತರ ಒತ್ತುವ ಬೆರಳು ನಮ್ಮದೇ. ಓದಲಾಗದ್ದೆಲ್ಲ ಖಾಲಿಯಲ್ಲ ಎಂದು ತಿಳಿದವರು ಅಲ್ಲಿ 'ರದ್ದು' ಎಂಬುದನ್ನು ಒತ್ತುತ್ತಾರೆ. ಆಮೇಲೆ ಅದನ್ನು ಓದುವ ಬಗೆ ಯಾವುದೆಂದು ಹುಡುಕುತ್ತಾರೆ.